ಗಾಂಧಿ ಬಜಾರಿನ ಹೊಲಿಗೆ ಯಂತ್ರ ರಿಪೇರಿ ಅಂಗಡಿ: ಹೊಲಿಗೆಯನ್ನು ನೋಡಿ ದೋಷ ಹೇಳುವವರು

ಶಿವಮೊಗ್ಗದ ಗಾಂಧಿ ಬಜಾರಿನ ಒಳರಸ್ತೆಯೊಂದರಲ್ಲಿ, ಹೆಸರಿನ ಫಲಕವೂ ಇಲ್ಲದ, ಇಬ್ಬರು ನಿಂತರೆ ತುಂಬಿಹೋಗುವ ಒಂದು ರಿಪೇರಿ ಅಂಗಡಿಯಿದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ದುಡಿದ, ಕಾಲಿನಿಂದ ತುಳಿಯುವ ಕಪ್ಪು ಹೊಲಿಗೆ ಯಂತ್ರದ ಹೆಡ್ಡನ್ನು, ಅಂದರೆ ಸ್ಟ್ಯಾಂಡ್ ಬಿಟ್ಟು ಮೇಲಿನ ಭಾಗವನ್ನು, ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಒಯ್ದಿದ್ದೆ. ಚಕ್ರ ವಿಪರೀತ ಭಾರವಾಗಿತ್ತು, ಬಟ್ಟೆಯ ಅಡಿಭಾಗದಲ್ಲಿ ದಾರ ಗೋಜಲಾಗುತ್ತಿತ್ತು, ದಪ್ಪ ಬಟ್ಟೆ ಇಟ್ಟರೆ ನಾಲ್ಕು ಹೊಲಿಗೆಗೊಮ್ಮೆ ಒಂದು ತಪ್ಪುತ್ತಿತ್ತು. ಇದಕ್ಕೂ ಮೊದಲು ಬೇರೊಂದು ಅಂಗಡಿಯಲ್ಲಿ ವಿಚಾರಿಸಿದ್ದಾಗ, ಚಕ್ರವನ್ನು ಒಂದು ಸುತ್ತೂ ತಿರುಗಿಸದೆ, ಹೆಡ್ ಸವೆದುಹೋಗಿದೆ, ಹೊಸದನ್ನೇ ಕೊಳ್ಳಿ ಎಂದಿದ್ದರು. ಆ ಮಾತು ತಪ್ಪೆಂದು ಈಗ ಖಚಿತವಾಗಿ ಹೇಳಬಲ್ಲೆ.

ಈ ಅಂಗಡಿಯ ಹಿರಿಯರು ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಹೊಲಿಗೆಯನ್ನು ನೋಡಲು ಬಯಸಿದರು. ಮೇಲೆ ಬಿಳಿ ದಾರ, ಅಡಿಯ ದಾರ ಸುತ್ತಿಡುವ ಪುಟ್ಟ ಉರುಳೆಯಾದ ಬಾಬಿನ್‌ಗೆ ಕೆಂಪು ದಾರ ಹಾಕಿ, ಎರಡು ಪದರದ ಹತ್ತಿ ಬಟ್ಟೆಯ ಮೇಲೆ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಒಂದು ಗೇಣು ಹೊಲಿದರು. ಲಾಕ್ ಹೊಲಿಗೆಯಲ್ಲಿ ಎರಡು ದಾರಗಳ ಗಂಟು ಬಟ್ಟೆಯ ನಡುವೆ ಅಡಗಿರಬೇಕು. ಮೇಲ್ಭಾಗದಲ್ಲಿ ಕೆಂಪು ಇಣುಕಿದರೆ ಮೇಲಿನ ದಾರ ಬಿಗಿ ಅಥವಾ ಬಾಬಿನ್ ದಾರ ಸಡಿಲ ಎಂದರ್ಥ. ಅಡಿಯಲ್ಲಿ ಬಿಳಿ ದಾರದ ಕುಣಿಕೆಗಳು ಎದ್ದರೆ ಹೆಚ್ಚಿನ ಸಲ ಮೇಲಿನ ದಾರವೇ ಸಡಿಲ. ಗೋಜಲು ಕೆಳಗೆ ಕಾಣುವುದರಿಂದ ದೋಷವೂ ಕೆಳಗೇ ಇದೆಯೆಂದು ಭಾವಿಸಿ ಬಾಬಿನ್ ಕೇಸಿನ ಪುಟ್ಟ ಸ್ಕ್ರೂವನ್ನು ತಿರುಗಿಸುತ್ತಾ ಹೋಗುವುದು ಮನೆಮನೆಯಲ್ಲೂ ನಡೆಯುವ ತಪ್ಪು. ನಾನೂ ಅದನ್ನೇ ಮಾಡಿ ಸರಿಯಿದ್ದುದನ್ನೂ ಕೆಡಿಸಿದ್ದೆ. ನಿಜವಾದ ದೋಷ ದಾರವನ್ನು ಬಿಗಿಯಾಗಿ ಹಿಡಿಯುವ ಮೇಲಿನ ಟೆನ್ಷನ್‌ನಲ್ಲಿತ್ತು: ಎರಡು ಬಿಲ್ಲೆಗಳ ನಡುವೆ ಹಳೆಯ ದಾರದ ಎಳೆ ಸಿಕ್ಕಿಕೊಂಡು ಅವು ಪೂರ್ತಿ ಮುಚ್ಚುತ್ತಿರಲಿಲ್ಲ. ದಾರವನ್ನು ಮತ್ತೆ ಮತ್ತೆ ಎಳೆದುಕೊಡುವ ತೆಳು ತಂತಿಯ ಸ್ಪ್ರಿಂಗ್ ಕೂಡ ಮುರಿದಿತ್ತು. ಬಿಲ್ಲೆಗಳನ್ನು ಬಿಚ್ಚಿ ಒರೆಸಿ, ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಗೋಜಲು ನಿಂತಿತು. ದಾರ ಪೋಣಿಸುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಮೇಲೆತ್ತಿರಬೇಕು, ಇಳಿದಿದ್ದರೆ ಬಿಲ್ಲೆಗಳು ಒತ್ತಿಕೊಂಡಿರುವುದರಿಂದ ದಾರ ಒಳಗೆ ಕೂರದೆ ಹೊರಗೇ ಉಳಿಯುತ್ತದೆ ಎಂಬುದನ್ನು ಅವರು ನನ್ನ ಕೈಯಿಂದಲೇ ಮಾಡಿಸಿ ತೋರಿಸಿದರು.

ಚಕ್ರದ ಭಾರಕ್ಕೆ ಕಾರಣ ಕೊಬ್ಬರಿ ಎಣ್ಣೆ. ಮಲೆನಾಡಿನ ಮನೆಗಳಲ್ಲಿ ಕೈಗೆ ಮೊದಲು ಸಿಗುವ ಎಣ್ಣೆ ಅದೇ ಆದ್ದರಿಂದ ಯಂತ್ರದ ತೂತುಗಳಿಗೂ ಅದನ್ನೇ ಬಿಡುವ ರೂಢಿಯಿದೆ. ಆದರೆ ಅಡುಗೆಯ ಎಣ್ಣೆಗಳು ಕಾಲಕ್ರಮೇಣ ಅಂಟಾಗಿ, ಕಂದುಬಣ್ಣದ ಮೇಣದಂತೆ ಗಟ್ಟಿಯಾಗುತ್ತವೆ. ಅದರ ಮೇಲೆ ಹೊಸ ಎಣ್ಣೆ ಸುರಿದಷ್ಟೂ ನೂಲಿನ ಧೂಳು ಹೆಚ್ಚು ಹಿಡಿಯುತ್ತದೆ. ಇವರು ಪ್ರತಿಯೊಂದು ತೂತಿಗೂ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಚಕ್ರ ಆಡಿಸಿ, ಹೊರಬಂದ ಕಂದು ದ್ರವವನ್ನು ಬಟ್ಟೆಯಿಂದ ಒರೆಸಿದರು; ಬಟ್ಟೆಗೆ ಕಲೆ ಹತ್ತುವುದು ನಿಲ್ಲುವವರೆಗೂ ಹೀಗೆಯೇ ಮಾಡಿ, ಕೊನೆಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಹಾಕಿದರು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ, ಆದ್ದರಿಂದ ಈ ಕೊನೆಯ ಹಂತ ಬಿಟ್ಟರೆ ಲೋಹಕ್ಕೆ ಲೋಹ ಉಜ್ಜಿಹೋಗುತ್ತದೆ. ಬಟ್ಟೆಯನ್ನು ಮುಂದಕ್ಕೆ ಸರಿಸುವ ಹಲ್ಲುಗಳ ಸಂದಿಯಿಂದ ಅವರು ಕೆದಕಿ ತೆಗೆದ ಧೂಳು ಒತ್ತಿ ಒತ್ತಿ ಕಂಬಳಿಯ ತುಂಡಿನಂತಾಗಿತ್ತು.

ಅವರ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಹೊಲಿಗೆ ತಪ್ಪುವುದಕ್ಕೆ ಕಾರಣ ಹುಡುಕಿದ ರೀತಿ. ಮೊದಲು ಸೂಜಿ ಬದಲಿಸಿದರು. ಸೂಜಿಯ ಉದ್ದನೆಯ ತೋಡು ದಾರ ಬರುವ ಕಡೆಗೂ, ಚಪ್ಪಟೆ ಬದಿ ಅದರ ಎದುರು ಕಡೆಗೂ ಇರಬೇಕು; ದಪ್ಪ ಬಟ್ಟೆಗೆ 16ನೆಯ ನಂಬರಿನ ಸೂಜಿ ಬೇಕು, ನಾನು 11ರಲ್ಲಿ ಹೊಲಿಯುತ್ತಿದ್ದೆ. ಇದರಿಂದ ಸುಧಾರಿಸಿತಾದರೂ ದೋಷ ಪೂರ್ತಿ ಹೋಗಲಿಲ್ಲ. ಆಗ ಅಡಿಯಲ್ಲಿ ಮೇಲಿನ ದಾರವನ್ನು ಹಿಡಿಯುವ ಶಟಲ್ ಎಂಬ ಭಾಗದ ಮುಚ್ಚಳ ತೆಗೆದು, ಚಕ್ರವನ್ನು ಎಳೆ ಎಳೆಯಾಗಿ ತಿರುಗಿಸುತ್ತಾ ನನಗೂ ಬಗ್ಗಿ ನೋಡಲು ಹೇಳಿದರು. ಸೂಜಿ ಪೂರ್ತಿ ಕೆಳಗಿಳಿದು ಸುಮಾರು ಎರಡೂವರೆ ಮಿಲಿಮೀಟರ್ ಮೇಲೇರಿದಾಗ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಶಟಲ್‌ನ ಮೊನೆ ಆ ಕ್ಷಣದಲ್ಲಿ ಸೂಜಿಯ ಕಣ್ಣಿಗಿಂತ ತುಸು ಮೇಲೆ ಹಾದು ಕುಣಿಕೆಯನ್ನು ಹಿಡಿಯಬೇಕು. ನಮ್ಮ ಯಂತ್ರದಲ್ಲಿ ಮೊನೆ ಕಣ್ಣಿನ ಎದುರಿಗೇ ಬರುತ್ತಿತ್ತು. ಎಂದೋ ಸೂಜಿ ಗಟ್ಟಿ ವಸ್ತುವಿಗೆ ಬಡಿದು ಸೂಜಿ ಹಿಡಿಯುವ ಸರಳು ಮೇಲಕ್ಕೆ ಸರಿದಿದ್ದಿರಬೇಕು. ಎಡಬದಿಯ ತಗಡು ತೆಗೆದು, ಸರಳಿನ ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ಕೆಳಗಿಳಿಸಿ ಬಿಗಿ ಮಾಡಿದರು. ಮೂರು ಬಾರಿ ಅಳೆದು ನೋಡಿದ ಮೇಲೆ ಜೀನ್ಸ್ ಬಟ್ಟೆಯ ನಾಲ್ಕು ಪದರದಲ್ಲಿ ಒಂದು ಹೊಲಿಗೆಯೂ ತಪ್ಪಲಿಲ್ಲ. ಭಾಗಗಳನ್ನು ಬದಲಿಸುವವರು ಬಹಳ ಮಂದಿ ಸಿಗುತ್ತಾರೆ, ಹೀಗೆ ಅಳೆದು ಸರಿಪಡಿಸುವವರು ವಿರಳ.

ಕೂಲಿ, ಸ್ಪ್ರಿಂಗ್, ಸೂಜಿಗಳು ಎಲ್ಲ ಸೇರಿ 650 ರೂಪಾಯಿ ತೆಗೆದುಕೊಂಡರು. ಈ ಕೆಲಸಕ್ಕೆ ಇದು ಕಡಿಮೆಯೆಂದೇ ನನ್ನ ಅಭಿಪ್ರಾಯ. ಕೊರತೆಗಳೂ ಇವೆ. ಎರಡು ದಿನವೆಂದು ಹೇಳಿ ಒಂಬತ್ತು ದಿನ ಮಾಡಿದರು, ಬರವಣಿಗೆಯ ರಸೀದಿ ಕೊಡಲಿಲ್ಲ, ಬಾಬಿನ್ ಸುತ್ತುವ ಗಾಲಿಗೆ ಹಾಕಿದ ರಬ್ಬರ್ ಉಂಗುರ ಎರಡೇ ತಿಂಗಳಲ್ಲಿ ಬಿರುಕು ಬಿಟ್ಟಿತು. ಕೊನೆಯದನ್ನು ತಿಳಿಸಿದಾಗ ಹಣ ಕೇಳದೆ ಬೇರೆಯದನ್ನು ಹಾಕಿಕೊಟ್ಟರು.

ಹೋಗುವವರು ದಿನವೂ ಬಳಸುವ ದಾರ, ಸೂಜಿ, ಬಾಬಿನ್ ಕೇಸ್ ಮತ್ತು ತಪ್ಪು ಬಿದ್ದ ಹೊಲಿಗೆಯ ಬಟ್ಟೆಯನ್ನು ಜೊತೆಗೆ ಒಯ್ಯಬೇಕು. ಹೆಡ್ ಮಾತ್ರ ಒಯ್ದರೆ ಸ್ಟ್ಯಾಂಡಿನ ದೋಷ ಅವರಿಗೆ ಕಾಣುವುದಿಲ್ಲ. ನಮ್ಮ ಚರ್ಮದ ಬೆಲ್ಟು ಹಿಗ್ಗಿ ಜಾರುತ್ತಿದ್ದುದು ಮನೆಗೆ ತಂದು ಜೋಡಿಸಿದ ಮೇಲಷ್ಟೇ ತಿಳಿಯಿತು. ಅದನ್ನು ಅರ್ಧ ಇಂಚು ಕತ್ತರಿಸಿ, ಹೊಸ ತೂತು ಕೊರೆದು, ತಂತಿಯ ಕೊಕ್ಕೆ ಹಾಕುವ ವಿಧಾನವನ್ನು ಅವರು ಫೋನಿನಲ್ಲಿಯೇ ತಾಳ್ಮೆಯಿಂದ ಹೇಳಿಕೊಟ್ಟರು.