ಅಪ್ಪಯ್ಯನ ಮಂಚದ ಪಕ್ಕದ ಡಬ್ಬಿ: ಒಂದೂವರೆ ವರ್ಷ ಬಳಸಿದ ಮೇಲೆ

ಅಪ್ಪಯ್ಯನಿಗೆ ಪೇಸ್‌ಮೇಕರ್, ಅಂದರೆ ಎದೆಬಡಿತ ತೀರಾ ನಿಧಾನವಾಗದ ಹಾಗೆ ನೋಡಿಕೊಳ್ಳುವ ಪುಟ್ಟ ಯಂತ್ರ, ಹಾಕಿಸಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಅವರಿರುವುದು ಸಾಗರದ ಹತ್ತಿರ ಹಳ್ಳಿಯಲ್ಲಿ. ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆ ಒಂದು ಬಿಳಿ ಡಬ್ಬಿ ಕೊಟ್ಟರು. ನೋಡುವುದಕ್ಕೆ ರಿಸೀವರ್ ಇಲ್ಲದ ಲ್ಯಾಂಡ್‌ಲೈನ್ ಫೋನಿನ ಹಾಗಿದೆ. ‘ಮಂಚದ ಪಕ್ಕ ಇಟ್ಟು ಪ್ಲಗ್ ಹಾಕಿ ಸಾಕು, ಉಳಿದದ್ದೆಲ್ಲ ಅದೇ ನೋಡಿಕೊಳ್ಳುತ್ತೆ’ ಅಂದರು. ಪೂರ್ತಿ ಹಾಗೇನೂ ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅದು ಮಾಡುವ ಕೆಲಸ ಹೇಳಿಬಿಡುತ್ತೇನೆ. ಪೇಸ್‌ಮೇಕರ್ ಒಳಗೇ ಒಂದು ಪುಟ್ಟ ರೇಡಿಯೋ ಇರುತ್ತದೆ. ರಾತ್ರಿ ಅಪ್ಪಯ್ಯ ಮಲಗಿದ ಮೇಲೆ ಡಬ್ಬಿ ಅದರಿಂದ ಲೆಕ್ಕ ಕೇಳಿ ತೆಗೆದುಕೊಳ್ಳುತ್ತದೆ: ಬ್ಯಾಟರಿ ಎಷ್ಟಿದೆ, ಹೃದಯಕ್ಕೆ ಹೋಗುವ ವೈರ್ ಸರಿ ಇದೆಯಾ, ಎದೆಬಡಿತ ಎಲ್ಲಾದರೂ ತಾಳ ತಪ್ಪಿತಾ. ಆಮೇಲೆ ಮೊಬೈಲ್ ನೆಟ್‌ವರ್ಕ್ ಮೇಲೆ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ, ಅಲ್ಲಿಂದ ಆಸ್ಪತ್ರೆಯವರು ನೋಡುತ್ತಾರೆ. ಹೊಸ ವಿದ್ಯೆ ಏನಲ್ಲ. ಅಮೆರಿಕದಲ್ಲಿ 2001ರಲ್ಲೇ ಬಯೋಟ್ರಾನಿಕ್ ಕಂಪನಿಯ ಇಂಥ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿತ್ತು. ಈಗ ಕೆಲವು ಮಾಡೆಲ್‌ಗಳಿಗೆ ಡಬ್ಬಿಯೂ ಬೇಡ, ಬ್ಲೂಟೂತ್ ಇರುವ ಫೋನಿನಲ್ಲಿ ಒಂದು ಆ್ಯಪ್ ಇದ್ದರೆ ಆಯಿತು. ಕೀಪ್ಯಾಡ್ ಫೋನಿನ ಅಪ್ಪಯ್ಯನಿಗೆ ಡಬ್ಬಿಯೇ ಸರಿ.

ಆದರೆ ಮಲೆನಾಡಿನಲ್ಲಿ ನೆಟ್‌ವರ್ಕ್ ಕಥೆ ಗೊತ್ತಲ್ವಾ. ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ, ಅಪ್ಪಯ್ಯ ಮಲಗುವುದು ಒಳಕೋಣೆಯಲ್ಲಿ. ಡಬ್ಬಿ ಮಂಚದಿಂದ ಎರಡು ಮೀಟರ್ ಒಳಗೆ ಇರಬೇಕಂತೆ. ಆಸ್ಪತ್ರೆಯವರು ಹೇಳಿದ ಹಾಗೆ ನಾವು ಮಂಚದ ಪಕ್ಕ ಇಟ್ಟು ಸುಮ್ನೆ ಕೂತೆವು, ಲೈಟೂ ಉರಿಯುತ್ತಿತ್ತು. ಮೂರು ತಿಂಗಳ ಚೆಕ್‌ಗೆ ತಾಳಗುಪ್ಪ ರೈಲು ಹತ್ತಿ ಬೆಂಗಳೂರಿಗೆ ಹೋದಾಗ ಟೆಕ್ನಿಷಿಯನ್ ಹುಡುಗ ಕಂಪ್ಯೂಟರ್ ನೋಡಿ, ‘ನಿಮ್ಮ ಡಬ್ಬಿಯಿಂದ ಮೊದಲ ವಾರ ಬಿಟ್ಟರೆ ಏನೂ ಬಂದೇ ಇಲ್ಲವಲ್ಲ ಸರ್’ ಅಂದ. ಅಷ್ಟು ದಿನ ಒಂದು ಫೋನ್ ಮಾಡುವುದಕ್ಕೂ ಯಾರಿಗೂ ಹೊಳೆದಿರಲಿಲ್ಲ! ವಾಪಸ್ ಬಂದು ಮಂಚವನ್ನೇ ಎತ್ತಿ ಜಗಲಿಗೆ ತಂದೆವು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅಂತ ಆ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆ. ಅಮ್ಮ ಅದಕ್ಕೊಂದು ಕ್ರೋಶಾ ಬಟ್ಟೆ ಹೊದಿಸಿ, ಲೈಟ್ ಕಾಣುವ ಹಾಗೆ ತೂತು ಬಿಟ್ಟಿದ್ದಾರೆ. ‘ನಾನು ಗೊರಕೆ ಹೊಡೆಯೋದೂ ಬೆಂಗಳೂರಿಗೆ ಗೊತ್ತಾಗ್ತದನಾ?’ ಅಂತ ಅಪ್ಪಯ್ಯನಿಗೆ ಇವತ್ತಿಗೂ ಅನುಮಾನ.

ಇಷ್ಟಾದ ಮೇಲೆ ಅದು ನಿಜವಾಗಿ ಉಪಯೋಗಕ್ಕೆ ಬಂತು. ಒಂದು ಮಂಗಳವಾರ ಆಸ್ಪತ್ರೆಯಿಂದ ಫೋನ್: ಎದೆಬಡಿತ ಗಂಟೆಗಟ್ಟಲೆ ಏರುಪೇರಾಗಿದೆ, ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ತೊಂದರೆ) ಇರಬಹುದು. ಅಪ್ಪಯ್ಯ ಆ ಹೊತ್ತಿಗೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರು, ಸುಸ್ತೂ ಇಲ್ಲ, ನೋವೂ ಇಲ್ಲ. ಸಾಗರದಲ್ಲಿ ಇಸಿಜಿ ಮಾಡಿಸಿದರೆ ನಾರ್ಮಲ್ ಬಂತು! ಬಂದು ಹೋಗುವ ತೊಂದರೆ ಅದು, ಇಸಿಜಿ ತೆಗೆಯುವ ಆ ಒಂದು ನಿಮಿಷದಲ್ಲಿ ಇಲ್ಲದಿದ್ದರೆ ಸಿಗುವುದೇ ಇಲ್ಲ. ಹಾಗಂತ ಬಿಟ್ಟರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗುವ ಭಯ. ಪೇಸ್‌ಮೇಕರ್ ಹಿಡಿದಿಟ್ಟ ದಾಖಲೆ ನೋಡಿಯೇ ಡಾಕ್ಟರ್ ರಕ್ತ ತೆಳುವಾಗುವ ಮಾತ್ರೆ ಶುರು ಮಾಡಿದರು.

ಇಲ್ಲೇ ನನಗೆ ಹೊಟ್ಟೆ ಉರಿಯುವ ವಿಷಯ ಇರುವುದು. ಆ ಅಲರ್ಟ್ ಆಸ್ಪತ್ರೆಗೆ ಬಂದು ಬಿದ್ದಿದ್ದು ಶನಿವಾರ ಬೆಳಗಿನ ಜಾವ. ಭಾನುವಾರ ಯಾರೂ ಇಲ್ಲ, ಸೋಮವಾರ ಏನೋ ರಜೆ, ಎಲ್ಲ ರೋಗಿಗಳ ರಿಪೋರ್ಟ್ ನೋಡುವುದಕ್ಕೆ ಇರುವುದು ಒಬ್ಬರೇ ಸಿಸ್ಟರ್, ಅವರಿಗೆ ಬೇರೆ ಕೆಲಸಗಳೂ ಇವೆ ಪಾಪ. ಡಬ್ಬಿ ರಾತ್ರೋರಾತ್ರಿ ಹೇಳಿದ್ದನ್ನು ಮನುಷ್ಯರು ಓದುವುದಕ್ಕೆ ಮೂರು ದಿನ. ಹೀಗಾಗಿ ಇದನ್ನು ಆಂಬ್ಯುಲೆನ್ಸ್ ಅಂದುಕೊಳ್ಳಬೇಡಿ. ಒಮ್ಮೆ ತಲೆ ಸುತ್ತಿದಾಗ ಅಪ್ಪಯ್ಯ, ‘ಡಬ್ಬಿ ಇದೆಯಲ್ಲ, ಅವರೇ ಫೋನ್ ಮಾಡ್ತಾರೆ’ ಅಂತ ಮಲಗಿಬಿಟ್ಟಿದ್ದರು. ಎದೆನೋವು, ತಲೆಸುತ್ತು ಬಂದರೆ ನೇರ 108ಕ್ಕೇ ಫೋನ್ ಮಾಡಬೇಕು ಅಂತ ಈಗ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ.

ಹ್ಯಾಕ್ ಆಗುತ್ತಾ ಅಂತ ತಮ್ಮ ಕೇಳಿದ್ದ. ಭಯ ಪೂರ್ತಿ ಸುಳ್ಳಲ್ಲ, 2017ರಲ್ಲಿ ಅಮೆರಿಕದಲ್ಲಿ ಇದೇ ಕಾರಣಕ್ಕೆ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕಾಯಿತು. ನಮ್ಮ ಡಬ್ಬಿ ಬರೀ ಓದುತ್ತದೆ, ಸೆಟ್ಟಿಂಗ್ ಬದಲಿಸಬೇಕೆಂದರೆ ಆಸ್ಪತ್ರೆಗೇ ಹೋಗಬೇಕು. ಅಷ್ಟರಮಟ್ಟಿಗೆ ನೆಮ್ಮದಿ.

ಲಾಭ ಅಂದರೆ ರೈಲು ಪ್ರಯಾಣ ವರ್ಷಕ್ಕೆ ಒಂದಕ್ಕೆ ಇಳಿದಿದೆ. ಎಪ್ಪತ್ತಾರರ ವಯಸ್ಸಿಗೆ ಅದು ಸಣ್ಣ ವಿಷಯ ಅಲ್ಲ.

ಡಬ್ಬಿಗೆ ನಾಲ್ಕು ಸ್ಟಾರ್. ಅದರ ಹಿಂದಿನ ಸರ್ವಿಸ್‌ಗೆ ಎರಡೇ, ಅದೂ ಆ ಸಿಸ್ಟರ್ ಮುಖ ನೋಡಿ. ನೀವು ಹಾಕಿಸುವ ಮೊದಲು ಮನೆಯಲ್ಲಿ ಮಲಗುವ ಜಾಗದಲ್ಲಿ ಸಿಗ್ನಲ್ ಎಷ್ಟು ಕಡ್ಡಿ ಬರುತ್ತದೆ ನೋಡಿಕೊಳ್ಳಿ. ಆಸ್ಪತ್ರೆಯಲ್ಲಿ ರಿಪೋರ್ಟ್ ಯಾರು ನೋಡುತ್ತಾರೆ, ರಜೆ ದಿನ ಯಾರು, ಡಬ್ಬಿ ಸುಮ್ಮನಾದರೆ ನಮಗೆ ಹೇಳುವವರು ಯಾರು ಅಂತ ಕೇಳಿ, ಹೆಸರು ಮತ್ತು ನಂಬರ್ ಬರೆಸಿಕೊಂಡೇ ಬನ್ನಿ. ನಾನು ಈಗ ಪ್ರತಿ ತಿಂಗಳ ಮೊದಲ ವಾರ ಸಿಸ್ಟರ್‌ಗೆ ‘ಬರ್ತಾ ಇದೆಯಾ ಮೇಡಂ?’ ಅಂತ ವಾಟ್ಸಾಪ್ ಹಾಕುತ್ತೇನೆ. ಹೆಚ್ಚಾಗಿ ಒಂದು ಥಂಬ್ಸ್ ಅಪ್ ಬರುತ್ತದೆ, ಕೆಲವೊಮ್ಮೆ ಎರಡು ದಿನ ಬಿಟ್ಟು.