ರೀಲು ಚೆನ್ನ, ಸ್ಕ್ಯಾನಿಂಗ್ ಸಾಕಪ್ಪಾ ಸಾಕು

ರೀಲು ಕ್ಯಾಮೆರಾನಾ, ಡಿಜಿಟಲ್ಲಾ ಅಂದರೆ ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡಿಜಿಟಲ್‌ಗೆ. ಆಸೆಪಟ್ಟು ರೀಲು ಹಾಕುವ ಹಳೆಯ ನಿಕಾನ್ ಎಫ್‌ಎಂ2 ಕ್ಯಾಮೆರಾ ತಗೊಂಡೆ, ಅದರ ಬೆನ್ನಿಗೇ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸಲು ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್. ಕ್ಯಾಮೆರಾ ಬಗ್ಗೆ ದೂರಿಲ್ಲ. ಸ್ಕ್ಯಾನರ್‌ಗೆ ಹಾಕಿದ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೇಲುಕೋಟೆಯ ಕಲ್ಯಾಣಿ ಹತ್ತಿರ ಒಂದೇ 50 ಎಂಎಂ ಲೆನ್ಸನ್ನು ಎಫ್‌ಎಂ2ಗೂ ನನ್ನ 24 ಮೆಗಾಪಿಕ್ಸೆಲ್‌ನ ಡಿಜಿಟಲ್ ಕ್ಯಾಮೆರಾ ನಿಕಾನ್ ಡಿ750ಗೂ ಬದಲಿಸಿ ಬದಲಿಸಿ ಹಾಕಿ ತೆಗೆದೆ. ರೀಲು ಇಲ್ಫರ್ಡ್ ಎಚ್‌ಪಿ5, ಕಪ್ಪು ಬಿಳುಪು.

ಸ್ಕ್ಯಾನರ್ ಡಬ್ಬದ ಮೇಲೆ 6400 ಡಿಪಿಐ ಅಂತಿದೆ, ಅಂದರೆ ಒಂದು ಇಂಚಿಗೆ ಅಷ್ಟು ಚುಕ್ಕೆ. ನನ್ನ ಕಣ್ಣಿಗೆ 2400 ದಾಟಿದ ಮೇಲೆ ಫೈಲು ಊದಿತೇ ಹೊರತು ವಿವರ ಜಾಸ್ತಿ ಆಗಲಿಲ್ಲ. 2400ಕ್ಕೆ ಒಂದು ಫ್ರೇಮಿನಿಂದ ಸಿಗುವುದು ಸುಮಾರು 7.7 ಮೆಗಾಪಿಕ್ಸೆಲ್. ಆಚೆ ದಡದ ಮಂಟಪದಲ್ಲಿ ಡಿಜಿಟಲ್ ಕಂಬದ ಕೆತ್ತನೆ ತೋರಿಸುತ್ತದೆ, ಸ್ಕ್ಯಾನ್ ಕಂಬ ತೋರಿಸುತ್ತದೆ, ಅಷ್ಟೇ.

ಇದನ್ನಾದರೂ ಸಹಿಸಬಹುದಿತ್ತು. ಧೂಳನ್ನಲ್ಲ.

ಸ್ಕ್ಯಾನರ್‌ನಲ್ಲಿ ಧೂಳು ಅಳಿಸುವ ಸೌಲಭ್ಯ ಇದೆ ಅಂತಲೇ ಕೊಂಡಿದ್ದೆ. ಅದು ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತದೆ. ಕಲರ್ ನೆಗೆಟಿವ್‌ನ ಬಣ್ಣ ಆ ಬೆಳಕನ್ನು ಹಾಯಲು ಬಿಡುತ್ತದೆ, ಧೂಳು ತಡೆಯುತ್ತದೆ. ಹಾಗೆ ಧೂಳು ಸಿಕ್ಕಿಬೀಳುತ್ತದೆ. ಆದರೆ ಕಪ್ಪು ಬಿಳುಪು ರೀಲಿನಲ್ಲಿ ಚಿತ್ರವೇ ಬೆಳ್ಳಿ ಕಣ. ಅದೂ ಬೆಳಕು ತಡೆಯುತ್ತದೆ! ಚಿತ್ರ ಯಾವುದು, ಕಸ ಯಾವುದು ಅಂತ ಸ್ಕ್ಯಾನರ್‌ಗೆ ಗೊತ್ತಾಗುವುದೇ ಇಲ್ಲ. ಇದು ನನಗೆ ತಿಳಿದದ್ದು ದುಡ್ಡು ಕೊಟ್ಟ ಮೇಲೆ.

ಇನ್ನು ಶುರುವಾಯಿತು ಕೈಕೆಲಸ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬ್ಲೋವರ್ ಹಿಡಿದು ಕೂರುವುದು. ಮನೆ ಮುಂದೆ ರಸ್ತೆ ಅಗೆದಿದ್ದರು ಬೇರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕೆ ಅಳಿಸುವುದು, ಫ್ರೇಮಿಗೆ ಹತ್ತು ನಿಮಿಷ. 36 ಫ್ರೇಮಿಗೆ ಲೆಕ್ಕ ಹಾಕಿ. ಅಷ್ಟಾದರೂ ಗೋಪುರದ ಪಕ್ಕ ಆಕಾಶದಲ್ಲಿ ಒಂದು ಎಳೆ ಉಳಿದಿತ್ತು. ಅಮ್ಮ ನೋಡಿ, “ಅದೇನೋ, ಗಾಳಿಪಟದ ದಾರಾನಾ?” ಅಂದರು.

ರೀಲು ಗೆದ್ದದ್ದು ಒಂದು ಕಡೆ. ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನ ಬಿಳಿ ಪಂಚೆ ಡಿಜಿಟಲ್‌ನಲ್ಲಿ ಬರೀ ಹಾಳೆಯಾಗಿತ್ತು, ರೀಲಿನಲ್ಲಿ ನೆರಿಗೆ ನೆರಿಗೆಯೂ ಉಳಿದಿತ್ತು. ಈಗ ಡಿಜಿಟಲ್‌ನಲ್ಲಿ ಎಕ್ಸ್‌ಪೋಶರ್, ಅಂದರೆ ಒಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸಿಯೇ ತೆಗೆಯುತ್ತೇನೆ.

ರೀಲಿನ ಗ್ರೇನ್, ಆ ಕಣ ಕಣವಾದ ನೋಟ, ಚೆಂದ ಅಲ್ವಾ ಅಂದರೆ ಹೌದು, ಚೆಂದ.

ಆದರೆ ನಾನು ನೆಂಟರ ಮನೆ ನಾಮಕರಣಕ್ಕೇ ಮುನ್ನೂರು ಫೋಟೊ ಹೊಡೆಯುವವನು. ರೀಲು, ಡೆವಲಪಿಂಗ್ ಸೇರಿ ಒಂದು ಫೋಟೊಗೆ ಮೂವತ್ತು ರೂಪಾಯಿ ದಾಟಿದರೆ ನನಗೆ ಗಿಟ್ಟುವುದಿಲ್ಲ. ವರ್ಷಕ್ಕೆ ಎರಡು ರೀಲು ಸುಮ್ನೆ ಖುಷಿಗೆ ತೆಗೆಯುತ್ತೇನೆ, ಸ್ಕ್ಯಾನನ್ನು ಲ್ಯಾಬಿನವರಿಗೇ ಬಿಡುತ್ತೇನೆ. ನಮ್ಮ ಸ್ಕ್ಯಾನರ್ ಮೇಲೆ ಈಗ ಅಮ್ಮ ಇಸ್ತ್ರಿ ಬಟ್ಟೆ ಇಡುತ್ತಾರೆ.