ಮೈಸೂರಿನ ಅರವತ್ತು ಸಾವಿರ ಲಂಡನ್ನಿನಲ್ಲಿ ಎಷ್ಟು? ಜೀವನವೆಚ್ಚ ಹೋಲಿಸುವ ತಾಣಗಳನ್ನು ಒರೆಗೆ ಹಚ್ಚಿದರೆ

ವಿದೇಶದಿಂದ ಆಫರ್ ಬಂದ ಮನೆಯಲ್ಲಿ ಮೊದಲು ನಡೆಯುವುದು ಗುಣಾಕಾರ. ಅಲ್ಲಿನ ಸಂಬಳ ಇಂಟು ಇವತ್ತಿನ ದರ, ಬಂದ ಮೊತ್ತ ನೋಡಿ ಎಲ್ಲರಿಗೂ ಖುಷಿ. ಆಮೇಲೆ ಯಾರೋ ಒಂದು ಲಿಂಕ್ ಕಳಿಸುತ್ತಾರೆ. ‘ಮೈಸೂರಿನ ಇಷ್ಟು ಸಂಬಳಕ್ಕೆ ಲಂಡನ್ನಿನಲ್ಲಿ ಇಷ್ಟು ಬೇಕು’ ಎಂದು ಆ ಪುಟ ಹೇಳುತ್ತದೆ, ಖುಷಿ ಅರ್ಧಕ್ಕೆ ಇಳಿಯುತ್ತದೆ. ಎರಡೂ ಲೆಕ್ಕ ತಪ್ಪಲ್ಲ, ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಅಲ್ಲಿ ಹೇಗೆ ಬದುಕಬಹುದು ಎನ್ನುವುದಕ್ಕೆ ಕೊಳ್ಳುವ ಶಕ್ತಿಯ ದರ ಬೇಕು, ಅಂದರೆ ಒಂದೇ ಸಾಮಾನಿಗೆ ಅಲ್ಲಿ ಎಷ್ಟು, ಇಲ್ಲಿ ಎಷ್ಟು ಎಂಬ ಲೆಕ್ಕ. ಊರಿಗೆ ಎಷ್ಟು ಕಳಿಸಬಹುದು ಎನ್ನುವುದಕ್ಕೆ ಬ್ಯಾಂಕಿನ ವಿನಿಮಯ ದರವೇ ಸಾಕು. ಯಾವ ತಾಣ ಯಾವ ಪ್ರಶ್ನೆಗೆ ಕೆಲಸಕ್ಕೆ ಬರುತ್ತದೆ ಎಂದು ನೋಡೋಣ.

ಹೆಚ್ಚು ಜನ ತೆರೆಯುವುದು ‘ನಂಬಿಯೋ’ (Numbeo) ಎಂಬ ತಾಣ. 2009ರಲ್ಲಿ ಶುರುವಾದದ್ದು, ನೋಡುವುದಕ್ಕೆ ದುಡ್ಡಿಲ್ಲ. ಇಲ್ಲಿನ ಬೆಲೆಗಳನ್ನು ಬಹುಪಾಲು ತುಂಬಿಸುವವರು ಬಳಕೆದಾರರೇ. ನ್ಯೂಯಾರ್ಕ್ ನಗರವನ್ನು 100 ಎಂದು ಹಿಡಿದು ಉಳಿದ ಊರುಗಳನ್ನು ಅದಕ್ಕೆ ತೂಗುತ್ತಾರೆ. ಒಂದು ಊರಿನ ಅಂಕ 25 ಇದ್ದರೆ ಅಲ್ಲಿನ ಬೆಲೆ ನ್ಯೂಯಾರ್ಕಿನ ಕಾಲುಭಾಗ ಎಂದರ್ಥ. ಇಲ್ಲಿ ಬಹಳ ಜನ ಎಡವುತ್ತಾರೆ: ‘ಜೀವನವೆಚ್ಚ ಸೂಚ್ಯಂಕ’ ಎಂದು ಮೊದಲು ಕಾಣುವ ಅಂಕದಲ್ಲಿ ಮನೆ ಬಾಡಿಗೆ ಸೇರಿಲ್ಲ. ಬಾಡಿಗೆಗೆ ಬೇರೆ ಸೂಚ್ಯಂಕ, ಎರಡೂ ಸೇರಿದ್ದಕ್ಕೆ ಮತ್ತೊಂದು. ಲಂಡನ್, ಡಬ್ಲಿನ್, ಮ್ಯೂನಿಕ್‌ನಂಥ ಊರುಗಳಲ್ಲಿ ಸಂಬಳ ನುಂಗುವುದೇ ಬಾಡಿಗೆ, ಹಾಗಾಗಿ ಮೂರನೆಯದನ್ನೇ ನೋಡಿ.

ಪುಟದ ಕೆಳಗೆ ಸಣ್ಣಕ್ಷರದ ಒಂದು ಸಾಲಿರುತ್ತದೆ: ಕಳೆದ 12 ತಿಂಗಳಲ್ಲಿ ಎಷ್ಟು ನಮೂದು, ಎಷ್ಟು ಜನರಿಂದ, ಕೊನೆಗೆ ತಿದ್ದಿದ್ದು ಯಾವಾಗ. ಓದು ಅಲ್ಲಿಂದ ಶುರುವಾಗಲಿ. ಲಂಡನ್ನಿಗೆ ದಂಡಿಯಾಗಿ ಸಿಗುವ ಅಂಕಿ ಮೈಸೂರಿಗೆ ಸಿಗುವುದಿಲ್ಲ, ಮಂಡ್ಯದ ಮಾತು ಬಿಡಿ. ನಮೂದು ಹಾಕಿದವರು ಹತ್ತು ಹನ್ನೆರಡು ಜನ ಮಾತ್ರ ಆಗಿದ್ದರೆ ಸರಾಸರಿಯನ್ನು ಬಿಟ್ಟು ಪಕ್ಕದ ಕನಿಷ್ಠ-ಗರಿಷ್ಠ ಅಂಕಣಕ್ಕೆ ಹೋಗಿ. ಹೊಸ ಕಾಗುಣಿತದಲ್ಲಿ ಊರು ಸಿಗದಿದ್ದರೆ ಹಳೆಯ ‘ಮೈಸೂರ್’ ಎಂದು ಹುಡುಕಿ.

ಒಂದು ಸುಲಭ ಪರೀಕ್ಷೆ ಇದೆ. ಹಾಲಿನ ಸಾಲು ನೋಡಿ, ‘ಮಾಮೂಲಿ ಹಾಲು, 1 ಲೀಟರ್’. ನಂದಿನಿ ನೀಲಿ ಪ್ಯಾಕೆಟ್ 2025ರ ಏಪ್ರಿಲ್ 1ರಿಂದ ಲೀಟರಿಗೆ 46 ರೂಪಾಯಿ ಆಯಿತು. ಪುಟದಲ್ಲಿರುವ ಬೆಲೆ ಇದಕ್ಕಿಂತ ತುಂಬ ಮೇಲಿದ್ದರೆ ತುಂಬಿಸಿದವರು ಟೆಟ್ರಾ ಪ್ಯಾಕಿನ ಬೆಲೆಯನ್ನೋ ಆ್ಯಪ್‌ನಲ್ಲಿ ತರಿಸಿದ ಬೆಲೆಯನ್ನೋ ಹಾಕಿರಬಹುದು. ಆಗ ಅಕ್ಕಿ, ಟೊಮೆಟೊ, ಈರುಳ್ಳಿ ಸಾಲುಗಳನ್ನೂ ಅದೇ ಅನುಮಾನದಿಂದ ನೋಡಿ. ದೇವರಾಜ ಮಾರುಕಟ್ಟೆಯ ಬೆಲೆಗೂ ಮಾಲ್‌ನ ತರಕಾರಿ ಕಪಾಟಿನ ಬೆಲೆಗೂ ಇರುವ ಅಂತರ ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ.

ಇನ್ನು ಆ ಪಟ್ಟಿಯಲ್ಲಿ ಇರುವುದೇನು? 500 ಗ್ರಾಂ ಬ್ರೆಡ್, ಕಿಲೋ ಲೆಕ್ಕದಲ್ಲಿ ಚೀಸ್, ದನದ ಮಾಂಸ, ಲೆಟ್ಯೂಸ್, ವೈನ್, 20 ಸಿಗರೇಟಿನ ಪ್ಯಾಕು, ಒಂದು ಗಂಟೆಯ ಟೆನಿಸ್ ಅಂಕಣ, ಲೀವೈಸ್ 501 ಜೀನ್ಸ್, ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು. ಇಲ್ಲದಿರುವುದು ತೊಗರಿಬೇಳೆ, ರಾಗಿ, ಅಡುಗೆ ಎಣ್ಣೆ, ತೆಂಗಿನಕಾಯಿ, ಸೊಪ್ಪು, ಗ್ಯಾಸ್ ಸಿಲಿಂಡರ್, ಮನೆಗೆಲಸದವರ ಸಂಬಳ. ಎಲ್ಲ ಊರಿಗೂ ಒಂದೇ ಪಟ್ಟಿ ಇದ್ದರೆ ತಾನೆ ಹೋಲಿಕೆ, ಅದು ಒಪ್ಪತಕ್ಕದ್ದೇ. ಆದರೆ ನಮ್ಮ ದೇಶದ ಗ್ರಾಹಕ ಬೆಲೆ ಸೂಚ್ಯಂಕದ 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯದ ತೂಕವೇ ಶೇ. 45.86 ಇತ್ತು. ಬೇಳೆ, ಎಣ್ಣೆ ಇಲ್ಲದ ಬುಟ್ಟಿ ನಮ್ಮ ಅಡುಗೆಮನೆಯನ್ನು ಅಳೆಯಲಾರದು. ತಾಣದಲ್ಲಿ ಖರ್ಚಿನ ಅಂದಾಜು ಮಾಡುವ ಬೇರೆ ಪುಟ ಇದೆ. ಹೊರಗೆ ಊಟ ಎಷ್ಟು, ಸಿಗರೇಟು ಇದೆಯೋ ಇಲ್ಲವೋ, ಕಾರು ಓಡಿಸುತ್ತೀರೋ ಬಸ್ಸೋ ಎಂದು ತಿದ್ದಬಹುದು. ಸಸ್ಯಾಹಾರಿ, ಮನೆಯಲ್ಲೇ ಅಡುಗೆ ಮಾಡುವ ಸಂಸಾರ ಆ ಪುಟವನ್ನೇ ಬಳಸಬೇಕು.

ಹೋಲಿಕೆಯ ಪುಟದ ತಲೆಯಲ್ಲಿ ಬರುವ ವಾಕ್ಯದ ತುದಿಗೆ ಒಂದು ಆವರಣ ಅಂಟಿಕೊಂಡಿದೆ: ಎರಡೂ ಊರಿನಲ್ಲಿ ಬಾಡಿಗೆ ಮನೆ ಎಂದು ಭಾವಿಸಿ. ಮೈಸೂರಿನ ಅರ್ಧ ಲೆಕ್ಕ ಕೆಡುವುದು ಇಲ್ಲೇ. ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಅಪ್ಪ ಕಟ್ಟಿಸಿದ ಮನೆಯಲ್ಲಿರುವವರಿಗೆ ಇಲ್ಲಿನ ಬಾಡಿಗೆ ಸೊನ್ನೆ, ಅಲ್ಲಿ ಪೂರ್ತಿ. ತಾಣ ಹೇಳಿದ್ದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಭೋಗ್ಯದ ಮನೆಯವರಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಅದನ್ನು ಬಾಡಿಗೆಗೆ ಇಳಿಸುವುದು ಹೀಗೆ: 6 ಲಕ್ಷ ಕೊಟ್ಟಿದ್ದರೆ, ಆ ದುಡ್ಡು ಬ್ಯಾಂಕಿನಲ್ಲಿ ಶೇ. 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 42,000, ಅಂದರೆ ತಿಂಗಳಿಗೆ 3,500. ನಿಮ್ಮ ನಿಜವಾದ ಬಾಡಿಗೆ ಅದು.

ಸರ್ಕಾರದ ಯೋಜನೆಗಳೂ ಈ ಪುಟಕ್ಕೆ ಕಾಣುವುದಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ ‘ತಿಂಗಳ ಪಾಸ್’ ಎಂಬ ಸಾಲಿಗೆ ಅರ್ಥವಿಲ್ಲ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಒಂದಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ವಿದ್ಯುತ್ ಉಚಿತ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ವಿದ್ಯುತ್ತಿಗೆ ಪುಟದ ಅಂಕಿಯನ್ನು ಬಿಟ್ಟು ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ನ ಆರು ತಿಂಗಳ ಬಿಲ್ಲು ತೆಗೆದು ಸರಾಸರಿ ಹಾಕಿ.

ಸರಾಸರಿ ಸಂಬಳದ ಸಾಲನ್ನಂತೂ ನೋಡದೇ ಇರುವುದು ವಾಸಿ. ಇಂಥ ಪಟ್ಟಿ ತುಂಬುವವರು ಯಾರು ಎಂದು ಯೋಚಿಸಿದರೆ ಗೊತ್ತಾಗುತ್ತದೆ. ಮೈಸೂರಿನ ಹೆಬ್ಬಾಳದ ಐಟಿ ಸಂಬಳ ಅಲ್ಲಿಗೆ ಸುಲಭವಾಗಿ ತಲುಪುತ್ತದೆ, ನಂಜನಗೂಡಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ ಕೂಲಿ ತಲುಪುವುದಿಲ್ಲ.

ಇದಕ್ಕಿಂತ ಗಟ್ಟಿ ಅಂಕಿ ವಿಶ್ವಬ್ಯಾಂಕಿನದು. 1968ರಲ್ಲಿ ಶುರುವಾದ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದಡಿ ದೇಶದೇಶಗಳಲ್ಲಿ ಬೆಲೆ ಸಂಗ್ರಹಿಸಿ ‘ಕೊಳ್ಳುವ ಶಕ್ತಿಯ ಸಮಾನತೆ’ ಲೆಕ್ಕ ಹಾಕುತ್ತಾರೆ. ಎಲ್ಲರ ಬಾಯಲ್ಲೂ ಅದು ಪಿಪಿಪಿ. 2017ರ ಸುತ್ತಿನಲ್ಲಿ ಭಾರತದ ದರ ಡಾಲರಿಗೆ 20.65 ರೂಪಾಯಿ, ಅಂದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟಕ್ಕೆ ಇಲ್ಲಿ 20.65 ರೂಪಾಯಿ. ಆ ವರ್ಷ ಪೇಟೆಯ ವಿನಿಮಯ ದರ 65.12. ಅಂದರೆ 65,000 ರೂಪಾಯಿ ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 998 ಡಾಲರ್, ಬದುಕಿನ ಲೆಕ್ಕದಲ್ಲಿ ಸುಮಾರು 3,148 ಡಾಲರ್. ಮೂರು ಪಟ್ಟು ಅಂತರ ಏಕೆ? ಫೋನಿನ ಬೆಲೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ, ಹಡಗಿನಲ್ಲಿ ಬರುತ್ತದೆ. ಕ್ಷೌರ, ಇಸ್ತ್ರಿ, ಆಟೋ, ಮನೆಪಾಠ ಹಡಗು ಹತ್ತುವುದಿಲ್ಲ. ಅವುಗಳ ಬೆಲೆ ನಿಲ್ಲುವುದು ಆಯಾ ಊರಿನ ಕೂಲಿಯ ಮೇಲೆ. 1964ರಲ್ಲಿ ಬಲಾಸ್ಸಾ ಮತ್ತು ಸ್ಯಾಮ್ಯುಯೆಲ್ಸನ್ ಬೇರೆಬೇರೆಯಾಗಿ ವಿವರಿಸಿದ್ದು ಇದನ್ನೇ.

2021ರ ಸುತ್ತಿನ ಫಲಿತಾಂಶ 2024ರ ಮೇ ತಿಂಗಳಲ್ಲಿ ಬಂದಿದೆ, ಹೊಸ ಲೆಕ್ಕಕ್ಕೆ ಅದನ್ನೇ ತೆಗೆದುಕೊಳ್ಳಿ. ವಿಶ್ವಬ್ಯಾಂಕಿನ ತಾಣದಲ್ಲಿ ಎರಡು ಸರಣಿ ಸಿಗುತ್ತವೆ, ಒಂದು ಜಿಡಿಪಿಯದು, ಇನ್ನೊಂದು ಖಾಸಗಿ ಬಳಕೆಯದು. ಜಿಡಿಪಿ ಸರಣಿಯಲ್ಲಿ ಸೇತುವೆ, ಯಂತ್ರ, ಸರ್ಕಾರಿ ಸೇವೆ ಎಲ್ಲ ಸೇರಿರುತ್ತವೆ. ಮನೆಖರ್ಚಿಗೆ ಎರಡನೆಯದೇ ಸರಿ. ದೋಷ ಒಂದೇ, ಆದರೆ ದೊಡ್ಡದು: ಇಡೀ ದೇಶಕ್ಕೆ ಒಂದು ಅಂಕಿ. ಮುಂಬೈಗೂ ಮದ್ದೂರಿಗೂ ಅದೇ.

‘ದಿ ಎಕನಾಮಿಸ್ಟ್’ ಪತ್ರಿಕೆ 1986ರಿಂದ ನಡೆಸುತ್ತಿರುವ ಬಿಗ್ ಮ್ಯಾಕ್ ಸೂಚ್ಯಂಕ, ಅಂದರೆ ಮೆಕ್‌ಡೊನಾಲ್ಡ್ಸ್ ಬರ್ಗರಿನ ಬೆಲೆಯಿಂದ ದೇಶಗಳನ್ನು ತೂಗುವ ಲೆಕ್ಕ, ತಮಾಷೆಗೆ ಚೆನ್ನ. ಭಾರತಕ್ಕೆ ಕೋಳಿ ಮಾಂಸದ ಮಹಾರಾಜ ಮ್ಯಾಕ್ ಹಿಡಿಯುತ್ತಾರೆ. ಅಮೆರಿಕದಲ್ಲಿ ಬಿಗ್ ಮ್ಯಾಕ್ ಕೈಗೆಟುಕುವ ಊಟ, ಇಲ್ಲಿ ಅದೇ ದುಡ್ಡಿಗೆ ಇಬ್ಬರು ಮಸಾಲೆ ದೋಸೆ, ಕಾಫಿ ಮುಗಿಸಿ ಎದ್ದು ಬರಬಹುದು. ಮರ್ಸರ್ ಎಂಬ ಸಲಹಾ ಸಂಸ್ಥೆಯ ಜೀವನವೆಚ್ಚದ ಪಟ್ಟಿ ಕಂಪನಿಗಳು ಹೊರದೇಶಕ್ಕೆ ಕಳಿಸುವ ಅಧಿಕಾರಿಗಳ ಭತ್ಯೆಗಾಗಿ ಮಾಡಿದ್ದು. ಸಂಸಾರದ ಲೆಕ್ಕಕ್ಕೆ ಬೇಡ.

‘ಜಗತ್ತಿನಲ್ಲಿ ನಾನೆಷ್ಟು ಶ್ರೀಮಂತ’ ಎಂಬ ಗಿವಿಂಗ್ ವಾಟ್ ವಿ ಕ್ಯಾನ್ ಸಂಸ್ಥೆಯ ಕ್ಯಾಲ್ಕುಲೇಟರ್ ಬೇರೆ ಜಾತಿಯದು. ದೇಶ, ತೆರಿಗೆ ಕಳೆದ ಮೇಲಿನ ಮನೆಯ ಒಟ್ಟು ಆದಾಯ, ದೊಡ್ಡವರೆಷ್ಟು, ಮಕ್ಕಳೆಷ್ಟು ಎಂದು ಕೇಳಿ, ಜಗತ್ತಿನ ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಬೆಲೆಯ ವ್ಯತ್ಯಾಸಕ್ಕೆ, ಮನೆಮಂದಿಯ ಸಂಖ್ಯೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ಆಗುವ ತಪ್ಪು ಮೂರು: ಒಬ್ಬರ ಸಂಬಳ ಹಾಕಿ ಐದು ಜನರ ಮನೆ ಎನ್ನುವುದು, ಕೈಗೆ ಬರುವ ಸಂಬಳದ ಬದಲು ಸಿಟಿಸಿ (ಕಂಪನಿಗೆ ತಗಲುವ ಒಟ್ಟು ವೆಚ್ಚ) ಹಾಕುವುದು, ತಿಂಗಳು-ವರ್ಷ ಅದಲುಬದಲು ಮಾಡುವುದು. ಸಂಬಳದಾರರಿಗೆ ಫಾರಂ 16 ಎದುರಿಗಿದ್ದರೆ ಎರಡು ನಿಮಿಷದ ಕೆಲಸ.

ಮಂಡ್ಯದ ಕಡೆಯ ರೈತರಿಗೆ ಈ ವಾರ್ಷಿಕ ಆದಾಯ ಲೆಕ್ಕ ಹಾಕುವುದೇ ಕಷ್ಟ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆ ಬಟವಾಡೆ ಮಾಡಿದಾಗ. 2025-26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ಬೆಲೆ) ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ, ಸಕ್ಕರೆ ಇಳುವರಿ 9.5ಕ್ಕಿಂತ ಕಡಿಮೆ ಇರುವ ಕಾರ್ಖಾನೆಗೆ 3,290.50. ಎಕರೆಗೆ 40 ಟನ್ ಎಂದು ಹಿಡಿದರೂ 1,31,620 ಎಂದು ಬರೆಯುವಂತಿಲ್ಲ. ಆ ಬೆಲೆ ಕಾರ್ಖಾನೆ ಬಾಗಿಲಿಗೆ ತಲುಪಿಸಿದ್ದಕ್ಕೆ, ಅದರಲ್ಲಿ ಕಟಾವು ಕೂಲಿ, ಸಾಗಣೆ ಕಳೆಯಬೇಕು. ಆಮೇಲೆ ಬಿತ್ತನೆ, ಗೊಬ್ಬರ, ಆಳು, ಸೊಸೈಟಿ ಸಾಲದ ಬಡ್ಡಿ. ಬೆಳೆ ಹದಿನಾಲ್ಕು ತಿಂಗಳು ಹೊಲದಲ್ಲಿ ನಿಂತಿದ್ದರೆ ಉಳಿದದ್ದನ್ನು 14ರಿಂದ ಭಾಗಿಸಿ 12ರಿಂದ ಗುಣಿಸಿ. ಇನ್ನೊಂದು ಕಡೆ ಕೂಡಿಸುವುದೂ ಇದೆ: ಮನೆಗೆ ಇಟ್ಟುಕೊಂಡ ಭತ್ತ, ರಾಗಿ, ತೆಂಗು, ಡೇರಿಗೆ ಹಾಕದೆ ಉಳಿಸಿಕೊಂಡ ಹಾಲು. ಬಡತನ ಅಳೆಯುವ ಸಮೀಕ್ಷೆಗಳು ಮನೆಯಲ್ಲೇ ಬೆಳೆದು ಉಂಡದ್ದಕ್ಕೂ ಬೆಲೆ ಕಟ್ಟುತ್ತವೆ. ನೀವೂ ಕಟ್ಟಿ, ಅಂಗಡಿಯ ಬೆಲೆಯಲ್ಲಿ ಅಲ್ಲ, ಊರಲ್ಲಿ ಮಾರಿದ್ದರೆ ಸಿಗುತ್ತಿದ್ದ ಬೆಲೆಯಲ್ಲಿ. ಇದನ್ನು ಬಿಟ್ಟರೆ ಎರಡೆಕರೆಯ ಮನೆ ಕಾಗದದ ಮೇಲೆ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ.

ಇನ್ನು ಲಂಡನ್. ಯಾವ ತಾಣವೂ ಪೂರ್ತಿ ಮಾಡಿಕೊಡದ ಲೆಕ್ಕ ಇದು, ಕೈಯಲ್ಲೇ ಮಾಡಬೇಕು. ಆಫರ್ 42,000 ಪೌಂಡ್ ಎನ್ನಿ. ಮೊದಲ 12,570ಕ್ಕೆ ತೆರಿಗೆ ಇಲ್ಲ, ಉಳಿದ 29,430ಕ್ಕೆ ಶೇ. 20 ಆದಾಯ ತೆರಿಗೆ 5,886, ಶೇ. 8 ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ಕಡಿತ) 2,354. ಕೈಗೆ ತಿಂಗಳಿಗೆ 2,813. ಪಿಂಚಣಿಗೆ ಹೋಗುವ ಸುಮಾರು 120 ಕಳೆದರೆ 2,690ರ ಆಸುಪಾಸು. ಒಬ್ಬರೇ, ನಗರದ ನಡುವಿನಿಂದ ದೂರ: ಬಾಡಿಗೆ 1,100, ಕೌನ್ಸಿಲ್ ತೆರಿಗೆ (ಸ್ಥಳೀಯ ಸಂಸ್ಥೆಯ ಮನೆ ತೆರಿಗೆ) 130, ಗ್ಯಾಸು-ಕರೆಂಟು 110, ಓಡಾಟ 150, ಊಟ 250, ಫೋನು-ಇಂಟರ್‌ನೆಟ್ 50. ಖರ್ಚಿನ ಈ ಆರೂ ಅಂಕಿ ಲೆಕ್ಕ ತೋರಿಸಲು ಹಿಡಿದವು, ಬಡಾವಣೆ ನೋಡಿ ಬದಲಿಸಿ. ಒಟ್ಟು 1,790, ಉಳಿಯುವುದು ಸುಮಾರು 900. ವೀಸಾ ಜೊತೆಗೆ ಮುಂಗಡವಾಗಿ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್, ಐದು ವರ್ಷದ್ದು ಒಂದೇ ಸಲ 5,175. ಕಂಪನಿ ಕೊಡದಿದ್ದರೆ ತಿಂಗಳಿಗೆ ಇನ್ನೂ 86 ಹೋಯಿತು. ಕೈಯಲ್ಲಿ 815 ಚಿಲ್ಲರೆ.

ಪೌಂಡಿಗೆ 115 ರೂಪಾಯಿ ಎಂದು ಹಿಡಿದರೆ ಅದು 94,000. ಮೈಸೂರಿನಲ್ಲಿ ಸ್ವಂತ ಮನೆಯಲ್ಲಿದ್ದು ಕೈಗೆ ಬರುವ 60,000ದಲ್ಲಿ 25,000 ಖರ್ಚು ಮಾಡಿ 35,000 ಉಳಿಸುವವರಿಗೆ ಹೋಲಿಸಿ. ಮೊದಲು ಮಾಡಿದ ಗುಣಾಕಾರದಲ್ಲಿ ಸಂಬಳ ಆರೂಮುಕ್ಕಾಲು ಪಟ್ಟು ಕಂಡಿತ್ತು, ಉಳಿತಾಯ ಹೆಚ್ಚಿದ್ದು ಎರಡೂಮುಕ್ಕಾಲು ಪಟ್ಟಿಗಿಂತ ಕಡಿಮೆ. ಹೆಂಡತಿ, ಮಗು ಜೊತೆಗೆ ಹೋದರೆ ಎರಡು ಕೋಣೆಯ ಮನೆ, ಇನ್ನಿಬ್ಬರ ಶುಲ್ಕ, ಮಗುವಿನ ಡೇಕೇರ್. ಆಕೆಗೂ ಕೆಲಸ ಸಿಗುವವರೆಗೆ ಊರಿಗೆ ಕಳಿಸುವ ಮಾತು ಎತ್ತದಿರುವುದೇ ಒಳ್ಳೆಯದು. ಹಾಗೆಂದು ಹೋಗಬಾರದೆಂದಲ್ಲ. ಉಳಿದ 815 ಪೌಂಡಿಗೆ ಲಂಡನ್ನಿನಲ್ಲಿ ಏನು ಬರುತ್ತದೆ ಎಂದು ನೋಡಿದರೆ ಕಡಿಮೆ, ಮೈಸೂರಿನಲ್ಲಿ ಏನು ಬರುತ್ತದೆ ಎಂದು ನೋಡಿದರೆ ಜಾಸ್ತಿ. ಆ ದುಡ್ಡು ಖರ್ಚಾಗುವುದು ಎಲ್ಲಿ ಎನ್ನುವುದನ್ನು ಮನೆಯವರು ಮೊದಲೇ ಕೂತು ತೀರ್ಮಾನಿಸಬೇಕು.

ದುಬೈ ಆಫರ್ ಆದರೆ ಮೇಲಿನ ತೆರಿಗೆಯ ಸಾಲುಗಳೆಲ್ಲ ಅಳಿಸಿಹೋಗುತ್ತವೆ, ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ದಿರ್ಹಂ 1997ರಿಂದ ಡಾಲರಿಗೆ 3.6725ಕ್ಕೆ ಕಟ್ಟಿಹಾಕಿದೆ, ಹಾಗಾಗಿ ರೂಪಾಯಿ-ಡಾಲರ್ ದರ ನೋಡಿದರೆ ಸಾಕು. ಪುಟದಲ್ಲಿ ಕಾಣದ ಖರ್ಚು ಬೇರೆ ಕಡೆ ಕೂತಿದೆ: ವಾರ್ಷಿಕ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕ ನೀರು-ಕರೆಂಟಿನ ಬಿಲ್ಲಿನಲ್ಲಿ ತಿಂಗಳು ತಿಂಗಳು ಸೇರಿ ಬರುತ್ತದೆ. ಬಾಡಿಗೆಯನ್ನು ವರ್ಷಕ್ಕೆ ಇಷ್ಟು ಚೆಕ್ ಎಂದು ಮೊದಲೇ ಬರೆದುಕೊಡುವ ಪದ್ಧತಿ, ಚೆಕ್ ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ. ಅಷ್ಟು ದುಡ್ಡು ಹೋದ ತಿಂಗಳೇ ಕೈಯಲ್ಲಿರಬೇಕು. ಆಫರ್ ಲೆಟರಿನಲ್ಲಿ ಒಟ್ಟು ಸಂಬಳ ಬಿಟ್ಟು ಬೇಸಿಕ್ ಎಷ್ಟು ಎಂದು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಲೆಕ್ಕ. ಬೇಸಿಕ್ 5,000 ದಿರ್ಹಂ ಇದ್ದರೆ ವರ್ಷಕ್ಕೆ 3,500. ಒಟ್ಟು ಸಂಬಳ ಅಷ್ಟೇ ಇಟ್ಟು ಬೇಸಿಕ್ 3,000ಕ್ಕೆ ಇಳಿಸಿ ಉಳಿದದ್ದನ್ನು ಭತ್ಯೆ ಎಂದು ಬರೆದಿದ್ದರೆ 2,100. ಸಹಿ ಹಾಕುವ ಮೊದಲಾದರೆ ಇದನ್ನು ಕೇಳಿ ಬದಲಿಸಿಕೊಳ್ಳಬಹುದು.